ಕುಣಿತವನ್ನು ಹುಡುಕಿದರೆ ಹಾಡು ಸಿಗುತ್ತದೆ: ಫ್ರಾನ್ಸಿನ ಸಾಂಪ್ರದಾಯಿಕ ಸಂಗೀತದ ಚಿಕ್ಕ ತಾಣಗಳು

ಫ್ರಾನ್ಸಿಗೆ ಹೋಗುವ ಪ್ರವಾಸಿಗರಿಗೆ ಅಲ್ಲಿನ ಚಿತ್ರಶಾಲೆ, ಅರಮನೆ, ದ್ರಾಕ್ಷಿ ತೋಟಗಳ ವಿಳಾಸ ಸುಲಭವಾಗಿ ದೊರೆಯುತ್ತದೆ. ಆದರೆ ಆ ದೇಶದ ಹಳ್ಳಿ ಪಟ್ಟಣಗಳಲ್ಲಿ ಇಂದಿಗೂ ಜೀವಂತವಾಗಿರುವ ಸಾಂಪ್ರದಾಯಿಕ ಸಂಗೀತವನ್ನು ನಾಲ್ಕು ಮಾರು ದೂರದಿಂದ ಕೇಳಬಹುದಾದ ಚಿಕ್ಕ ಜಾಗಗಳು ಪ್ರವಾಸಿ ಕೈಪಿಡಿಗಳಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಈ ಸಂಗೀತದ ಬಹುಭಾಗ ಕುಣಿಯುವವರ ಕಾಲಿಗಾಗಿ, ಹೊಲಮನೆಯ ದುಡಿಮೆಗಾಗಿ, ಮದುವೆ ಜಾತ್ರೆಗಳಿಗಾಗಿ ಹುಟ್ಟಿಕೊಂಡದ್ದು. ಶ್ರೋತೃಗಳು ಸಾಲಾಗಿ ಕುಳಿತು ಕೇಳುವ ಕಚೇರಿಯ ಪದ್ಧತಿ ಇದಕ್ಕೆ ಬಂದದ್ದು ತೀರ ಈಚೆಗೆ. ಆದ್ದರಿಂದ ಕಚೇರಿಯನ್ನು ಅರಸಿ ಹೊರಟವರು ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು, ಕುಣಿತ ಎಲ್ಲಿದೆ ಎಂದು ವಿಚಾರಿಸಿದವರಿಗೆ ವರ್ಷದ ಯಾವ ತಿಂಗಳಲ್ಲಾದರೂ ಸಂಗೀತ ಸಿಗುತ್ತದೆ.

ಈ ಸ್ಥಿತಿಯ ಹಿಂದೆ ಒಂದು ಇತಿಹಾಸವಿದೆ. ಫ್ರಾನ್ಸ್ ಎಂಬ ಒಂದೇ ಹೆಸರಿನಡಿ ಬ್ರೆಟನ್, ಆಕ್ಸಿಟನ್, ಬಾಸ್ಕ್, ಕಾರ್ಸಿಕನ್ ಮೊದಲಾದ ಬೇರೆ ಬೇರೆ ಭಾಷೆಗಳ ನಾಡುಗಳು ಸೇರಿಕೊಂಡಿದ್ದು, ಒಂದೊಂದಕ್ಕೂ ಅದರದೇ ಆದ ವಾದ್ಯ, ಕುಣಿತ, ಹಾಡುವ ರೀತಿಗಳಿವೆ. ಶಾಲೆ, ಸೈನ್ಯ, ರೈಲು, ನಗರದ ಉದ್ಯೋಗ ಇವೆಲ್ಲ ಸೇರಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಇವುಗಳಲ್ಲಿ ಹಲವನ್ನು ಮುದುಕರ ನೆನಪಿಗೆ ಸೀಮಿತಗೊಳಿಸಿದ್ದವು. 1969ರಲ್ಲಿ ಪ್ಯಾರಿಸ್ಸಿನಲ್ಲಿ ‘ಲ ಬುರ್ದೋಂ’ ಎಂಬ ಜನಪದ ಸಂಗೀತದ ಕೂಟ ಆರಂಭವಾದ ಮೇಲೆ, ಆ ಪೀಳಿಗೆಯ ತರುಣರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಗಳಿಗೆ ಹೋಗಿ ಹಿರಿಯ ವಾದಕರಿಂದ ಕಲಿತು, ಕಲಿತದ್ದನ್ನು ಮತ್ತೆ ಕುಣಿತದ ಅಂಗಳಕ್ಕೆ ತಂದರು. ಅವರಿಗೆ ಆಸರೆಯಾದದ್ದು ಎರಡು ವ್ಯವಸ್ಥೆಗಳು. ಯಾವುದೇ ಇಬ್ಬರು ಸೇರಿ ಲಾಭದ ಉದ್ದೇಶವಿಲ್ಲದ ಸಂಘವೊಂದನ್ನು ಸುಲಭವಾಗಿ ಕಟ್ಟಲು ಅವಕಾಶ ಕೊಡುವ 1901ರ ಕಾನೂನು ಒಂದು. ‘ಕೊಮ್ಯೂನ್’ ಎನ್ನಲಾಗುವ ಸ್ಥಳೀಯಾಡಳಿತದ ಸುಮಾರು 35,000 ಘಟಕಗಳಲ್ಲಿ ಬಹುಪಾಲು ಕಡೆ ಇರುವ, ‘ಸಾಲ್ ದೆ ಫೆತ್’ ಎಂಬ ಸಾರ್ವಜನಿಕ ಸಭಾಂಗಣ ಇನ್ನೊಂದು. ಮದುವೆಯ ಊಟ, ರಕ್ತದಾನ ಶಿಬಿರ, ಮುದುಕರ ಇಸ್ಪೀಟು ಎಲ್ಲಕ್ಕೂ ಒದಗುವ, ನೋಡಲು ಯಾವ ಸೊಗಸೂ ಇಲ್ಲದ ಆ ಸಭಾಂಗಣವೇ ಈ ಸಂಗೀತದ ನಿಜವಾದ ಮನೆ. ಅಂಥ ಕಟ್ಟಡವನ್ನು ಹೊರಗಿನಿಂದ ನೋಡಿ ಮುಂದಕ್ಕೆ ಹೋಗುವ ಪ್ರವಾಸಿ ತಾನು ಅರಸುತ್ತಿದ್ದುದನ್ನೇ ದಾಟಿ ಹೋಗಿರುತ್ತಾನೆ.

ಮೊದಲ ಬಾರಿಗೆ ಹುಡುಕುವವರಿಗೆ ವಾಯವ್ಯ ಮೂಲೆಯ ಬ್ರಿಟನಿ ಎಲ್ಲಕ್ಕಿಂತ ಸೂಕ್ತವಾದ ನಾಡು. ಅಲ್ಲಿನ ‘ಫೆಸ್ಟ್ ನೋಜ್’, ಅಂದರೆ ಬ್ರೆಟನ್ ಭಾಷೆಯಲ್ಲಿ ರಾತ್ರಿಯ ಹಬ್ಬ, 2012ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಇದರ ಮೂಲ ಬೇಸಾಯದ ಬದುಕಿನಲ್ಲಿದೆ: ಸುಗ್ಗಿಯ ದುಡಿಮೆ ಮುಗಿದ ಸಂಜೆ ನೆರೆಹೊರೆಯವರು ಸೇರಿ ಕುಣಿಯುತ್ತಿದ್ದರು, ಹೊಸದಾಗಿ ಮಾಡಿದ ಕಣದ ಮಣ್ಣಿನ ನೆಲವನ್ನು ಗಟ್ಟಿಯಾಗಿಸಲು ಹಾಡಿನ ಲಯಕ್ಕೆ ಎಲ್ಲರೂ ಒಟ್ಟಾಗಿ ತುಳಿಯುತ್ತಿದ್ದರು. ಯಂತ್ರಗಳು ಬಂದು ಸಾಮೂಹಿಕ ದುಡಿಮೆ ನಿಂತಾಗ ಕುಣಿತವೂ ನಿಲ್ಲುವ ಹಂತಕ್ಕೆ ಬಂದಿತ್ತು. 1950ರ ದಶಕದ ಮಧ್ಯದಲ್ಲಿ ಲೊಯಿಜ್ ರೊಪಾರ್ಸ್ ಎಂಬವರು ಪುಲಾವೆನ್ ಎಂಬ ಊರಿನ ಸುತ್ತಮುತ್ತ ಅದನ್ನು ಸಭಾಂಗಣಕ್ಕೆ ತಂದು, ಹಾಡುಗಾರರನ್ನು ವೇದಿಕೆಯ ಮೇಲೆ ನಿಲ್ಲಿಸಿ, ಹೊಸ ರೂಪ ಕೊಟ್ಟರು. ಇಂದು ಕಾಣುವ ಫೆಸ್ಟ್ ನೋಜ್ ಈ ಅರ್ಥದಲ್ಲಿ ಅನಾದಿಯಿಂದ ಬದಲಾಗದೆ ಉಳಿದು ಬಂದ ಆಚರಣೆಯಲ್ಲ, ತಿಳಿದು ಮಾಡಿದ ಪುನರುಜ್ಜೀವನದ ಫಲ; ಅದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ, ಒಂದು ಜನಸಮುದಾಯ ತನ್ನದನ್ನು ಬಿಟ್ಟುಕೊಡಲು ಒಪ್ಪಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆ.

ಅಲ್ಲಿ ಕೇಳಲೇಬೇಕಾದದ್ದು ‘ಕಾನ್ ಹಾ ದಿಸ್ಕಾನ್’ ಎಂಬ ಜೋಡಿ ಹಾಡುಗಾರಿಕೆ. ವಾದ್ಯದ ನೆರವಿಲ್ಲದೆ ಇಬ್ಬರು ಹಾಡುಗಾರರು ಪಕ್ಕಪಕ್ಕದಲ್ಲಿ ನಿಂತು, ಒಬ್ಬರು ಸಾಲನ್ನು ಎತ್ತಿಕೊಂಡರೆ ಆ ಸಾಲಿನ ಕೊನೆಯ ಕೆಲವು ಅಕ್ಷರಗಳಲ್ಲಿ ಇನ್ನೊಬ್ಬರು ದನಿಗೂಡಿಸಿ, ಇಡೀ ಸಾಲನ್ನು ಮರಳಿ ಹಾಡುತ್ತಾರೆ. ಅವರ ಸಾಲಿನ ಕೊನೆಗೆ ಮೊದಲನೆಯವರು ಮತ್ತೆ ಸೇರಿಕೊಳ್ಳುತ್ತಾರೆ. ಉಸಿರಿಗೆ ಬಿಡುವು ಸಿಕ್ಕರೂ ದನಿಗೆ ಬಿಡುವಿಲ್ಲ, ಹೀಗಾಗಿ ಕುಣಿಯುವವರ ಹೆಜ್ಜೆ ಎಲ್ಲಿಯೂ ತಡೆಯುವುದಿಲ್ಲ. ಇದೇ ತತ್ತ್ವ ವಾದ್ಯಗಳ ಜೋಡಿಯಲ್ಲೂ ಕಾಣುತ್ತದೆ. ಶಹನಾಯಿಯಂತೆ ಎರಡೆಳೆಯ ಪೀಪಿಯುಳ್ಳ ‘ಬೊಂಬಾರ್ಡ್’ ಸಾಲನ್ನು ನುಡಿಸಿ ನಿಲ್ಲುತ್ತದೆ, ಅದಕ್ಕಿಂತ ಒಂದು ಸ್ಥಾಯಿ ಮೇಲಿನ ‘ಬಿನ್ಯೂ’ ಎಂಬ ಪುಟ್ಟ ಚೀಲವಾದ್ಯ ಅದನ್ನು ಮತ್ತೆ ನುಡಿಸುತ್ತದೆ, ಚೀಲದ ಒಂದು ಕೊಳವೆಯಿಂದ ಆಧಾರಶ್ರುತಿ ಎಡೆಬಿಡದೆ ಹೊರಡುತ್ತಿರುತ್ತದೆ. ಈ ಜೋಡಿಯ ನಾದ ಬಹಳ ತೀಕ್ಷ್ಣವಾದದ್ದು, ಬಯಲಿನ ಮದುವೆ ಮೆರವಣಿಗೆಗೆ ಹೇಳಿ ಮಾಡಿಸಿದ್ದು. ಚಿಕ್ಕ ಸಭಾಂಗಣದಲ್ಲಿ ಅದರ ಪೂರ್ಣ ಬಲ ಮೈಗೆ ತಾಗುತ್ತದೆ. 1972ರಲ್ಲಿ ಪ್ಯಾರಿಸ್ಸಿನ ಒಲಿಂಪಿಯಾ ರಂಗಮಂದಿರದಲ್ಲಿ ಅಲನ್ ಸ್ತಿವೆಲ್ ನಡೆಸಿಕೊಟ್ಟ ಕಚೇರಿ ಬ್ರೆಟನ್ ಸಂಗೀತವನ್ನು ಇಡೀ ದೇಶಕ್ಕೆ ಪರಿಚಯಿಸಿತೆನ್ನುವುದು ನಿಜ, ಲೊರಿಯಾಂ ನಗರದಲ್ಲಿ 1971ರಿಂದ ನಡೆಯುತ್ತಿರುವ ಕೆಲ್ಟಿಕ್ ಉತ್ಸವ ಭಾರಿ ಜನಸಂದಣಿಯನ್ನು ಸೆಳೆಯುತ್ತದೆ ಎನ್ನುವುದೂ ನಿಜ; ಆದರೂ ಇಬ್ಬರು ಹಾಡುಗಾರರ ಉಸಿರಾಟ ಕೇಳಿಸುವಷ್ಟು ಹತ್ತಿರದಲ್ಲಿ ನಿಂತು ಪಡೆಯುವ ಅನುಭವಕ್ಕೆ ಅವು ಬದಲಿಯಾಗಲಾರವು.

ಫೆಸ್ಟ್ ನೋಜ್ ಸಾಮಾನ್ಯವಾಗಿ ಶನಿವಾರ ರಾತ್ರಿ ಒಂಬತ್ತರ ಸುಮಾರಿಗೆ ಆರಂಭವಾಗಿ ನಡುರಾತ್ರಿ ದಾಟಿದ ಮೇಲೂ ನಡೆಯುತ್ತದೆ. ಕೆಲವೇ ಯೂರೋಗಳ ಪ್ರವೇಶ ಶುಲ್ಕ ಕೊಟ್ಟರೆ ಕೈಗೆ ಮುದ್ರೆ ಒತ್ತಿ ಒಳಗೆ ಬಿಡುತ್ತಾರೆ, ಆ ಹಣ ಎಷ್ಟೋ ಬಾರಿ ಊರಿನ ಬ್ರೆಟನ್ ಮಾಧ್ಯಮದ ಶಾಲೆಗೋ ಕ್ರೀಡಾ ಸಂಘಕ್ಕೋ ಸಲ್ಲುತ್ತದೆ. ಮೂಲೆಯ ಮೇಜಿನ ಮೇಲೆ ಸೇಬಿನ ಮದ್ಯವಾದ ಸೈಡರ್, ಕ್ರೆಪ್ ಎಂಬ ತೆಳುವಾದ ಹಿಟ್ಟಿನ ತಿನಿಸು ಇರುತ್ತವೆ. ಸಸ್ಯಾಹಾರಿಗಳು ಬೆಣ್ಣೆ ಸಕ್ಕರೆಯ ಕ್ರೆಪ್ ಕೇಳಬಹುದಾದರೂ ಆ ಹಿಟ್ಟಿನಲ್ಲಿ ಮೊಟ್ಟೆ ಬೆರೆತಿರುತ್ತದೆ ಎಂಬುದನ್ನು ತಿಳಿದಿರಬೇಕು. ವಾಹನವಿಲ್ಲದ ಪ್ರವಾಸಿಗೆ ಇರುವ ದೊಡ್ಡ ತೊಡಕೆಂದರೆ ಮರಳುವ ದಾರಿ, ಏಕೆಂದರೆ ಹಳ್ಳಿಗಳಿಂದ ರಾತ್ರಿ ಹೊತ್ತು ಬಸ್ಸಾಗಲಿ ರೈಲಾಗಲಿ ಸಿಗುವುದಿಲ್ಲ. ಇದಕ್ಕೆ ಎರಡು ಪರಿಹಾರಗಳಿವೆ: ಸಂಘಟಕರಿಗೆ ಮೊದಲೇ ಬರೆದು ತಾವು ತಂಗಿರುವ ಪಟ್ಟಣಕ್ಕೆ ಹಿಂದಿರುಗುವ ಕಾರಿನಲ್ಲಿ ಒಂದು ಜಾಗ ಕೇಳುವುದು, ಇಲ್ಲವೇ ‘ಫೆಸ್ಟ್ ದೇಜ್’ ಎಂಬ ಹಗಲಿನ ಕೂಟವನ್ನು ಆರಿಸಿಕೊಳ್ಳುವುದು. ಹೆಚ್ಚಾಗಿ ಭಾನುವಾರ ಮಧ್ಯಾಹ್ನ ನಡೆಯುವ ಈ ಹಗಲಿನ ಕೂಟಕ್ಕೆ ಹಿರಿಯರು ಹೆಚ್ಚಾಗಿ ಬರುತ್ತಾರೆ, ಹೆಜ್ಜೆಗಳನ್ನು ನೋಡಿ ಕಲಿಯಲು ಅವರಿಗಿಂತ ಒಳ್ಳೆಯ ಗುರುಗಳಿಲ್ಲ.

ಬ್ರಿಟನಿಯ ಹೊರಗೆ ದೇಶದ ಬಹುಭಾಗದಲ್ಲಿ ಇಂಥ ಕೂಟಕ್ಕಿರುವ ಹೆಸರು ‘ಬಾಲ್ ಫೋಕ್’. ಇದರಲ್ಲಿ ಫ್ರಾನ್ಸಿನ ಹಲವು ನಾಡುಗಳ ಕುಣಿತಗಳು ಮಾತ್ರವಲ್ಲದೆ ಯುರೋಪಿನ ಇತರ ಕಡೆಯಿಂದ ಬಂದ ಮಜುರ್ಕಾ, ಸ್ಕಾಟಿಶ್, ವಾಲ್ಟ್ಸ್‌ಗಳೂ ಸೇರಿರುತ್ತವೆ. ಮಧ್ಯ ಫ್ರಾನ್ಸಿನ ಒವೆರ್ನ್ ಮತ್ತು ಬೆರಿ ನಾಡುಗಳಲ್ಲಿ ‘ಬುರೆ’ ಎಂಬ ಕುಣಿತಕ್ಕೆ ಅಗ್ರಸ್ಥಾನ; ಅದು ಒವೆರ್ನಿನಲ್ಲಿ ಮೂರು ಎಣಿಕೆಯ ಲಯದಲ್ಲೂ ಬೆರಿಯಲ್ಲಿ ಎರಡು ಎಣಿಕೆಯ ಲಯದಲ್ಲೂ ನಡೆಯುವುದರಿಂದ, ಕಿವಿಗೊಟ್ಟು ಕೇಳುವವರು ತಾವು ಯಾವ ನಾಡಿನಲ್ಲಿದ್ದೇವೆಂದು ತಾಳದಿಂದಲೇ ಊಹಿಸಬಹುದು. ಇಲ್ಲಿನ ವಿಶಿಷ್ಟ ವಾದ್ಯ ‘ವಿಯೆಲ್ ಆ ರೂ’, ಅಂದರೆ ಚಕ್ರವೀಣೆಯೆನ್ನಬಹುದಾದ ತಂತಿವಾದ್ಯ: ಬಲಗೈ ಹಿಡಿಕೆಯನ್ನು ತಿರುಗಿಸಿದಂತೆ ರಾಳ ಸವರಿದ ಮರದ ಚಕ್ರವೊಂದು ಕಮಾನಿನ ಕೆಲಸ ಮಾಡುತ್ತ ತಂತಿಗಳನ್ನು ಉಜ್ಜುತ್ತದೆ, ಎಡಗೈಯ ಬೆರಳುಗಳು ಕೀಲಿಗಳನ್ನು ಒತ್ತಿ ಸ್ವರ ಬದಲಿಸುತ್ತವೆ, ಕೆಲವು ತಂತಿಗಳು ಆಧಾರಶ್ರುತಿಯನ್ನು ಹಿಡಿದಿರುತ್ತವೆ, ಮಣಿಕಟ್ಟಿನ ಒಂದು ಚುರುಕಾದ ಎಳೆತಕ್ಕೆ ಸಡಿಲವಾದ ಚಿಕ್ಕ ಸೇತುವೆಯೊಂದು ಅದುರಿ ತಾಳವನ್ನು ಕೊಡುತ್ತದೆ. ಒಂದೇ ವಾದ್ಯ ಹಾಡು, ಶ್ರುತಿ, ತಾಳ ಮೂರನ್ನೂ ಹೊರುವುದರಿಂದ ಒಬ್ಬ ವಾದಕನಿದ್ದರೆ ಇಡೀ ಹಳ್ಳಿ ಕುಣಿಯಬಹುದಾಗಿತ್ತು. ಅಲಿಯೆ ಜಿಲ್ಲೆಯ ಜಾಂಜಾ ಎಂಬ ಹಳ್ಳಿ ಈ ವಾದ್ಯದ ತಯಾರಿಕೆಗೆ ಹೆಸರಾದದ್ದು, ಅಲ್ಲಿ ವಾದ್ಯ ತಯಾರಕರ ಮನೆಯೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ಬೆರಿ ಮತ್ತು ಬುರ್ಬೊನೆ ನಾಡುಗಳ ಚೀಲವಾದ್ಯಗಾರರ ಬದುಕನ್ನು ಕುರಿತು ಜಾರ್ಜ್ ಸಾಂದ್ 1853ರಲ್ಲಿ ಕಾದಂಬರಿಯನ್ನೇ ಬರೆದರು. ಅವರ ನಾಡಾದ ಲಾ ಶಾತ್ರ್ ಪಟ್ಟಣದ ಬಳಿ ಬೇಸಿಗೆಯಲ್ಲಿ ವಾದ್ಯ ತಯಾರಕರ ದೊಡ್ಡ ಸಮಾವೇಶ ನಡೆಯುತ್ತದೆ.

ಅಲಿಯೆ ಜಿಲ್ಲೆಯ ಜೆನೆತೀನ್ ಎಂಬ ಚಿಕ್ಕ ಊರಿನಲ್ಲಿ 1990ರಿಂದ ನಡೆಯುತ್ತಿರುವ ಬೇಸಿಗೆಯ ‘ಗ್ರಾಂ ಬಾಲ್’ ಈ ಲೋಕದ ದೊಡ್ಡ ಕೂಟ. ಹಗಲು ಕಲಿಕೆ, ರಾತ್ರಿ ಕುಣಿತ ಎಂಬಂತೆ ಹಲವು ದಿನ ಸಾಗುವ ಈ ಕೂಟವನ್ನು ಲೆತಿಸಿಯಾ ಕಾರ್ತೋಂ 2018ರ ತಮ್ಮ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿದಿದ್ದಾರೆ, ಪ್ರವಾಸಕ್ಕೆ ಮುನ್ನ ಅದನ್ನು ನೋಡಿದರೆ ಬಾಲ್ ಫೋಕ್ ಎಂದರೇನು ಎಂಬುದು ಪುಸ್ತಕದ ವಿವರಣೆಗಿಂತ ಚೆನ್ನಾಗಿ ತಿಳಿಯುತ್ತದೆ. ಆದರೆ ಅಲ್ಪಾವಧಿಯ ಪ್ರವಾಸಿಗೆ ಊರೂರುಗಳ ಮಾಸಿಕ ಕೂಟಗಳೇ ಹೆಚ್ಚು ಅನುಕೂಲ. ಇವುಗಳ ಪ್ರಕಟಣೆಯಲ್ಲಿ ‘ಇನಿಸಿಯಾಸಿಯೋಂ’ ಎಂಬ ಪದವಿದ್ದರೆ ಬಾಲ್ ಆರಂಭವಾಗುವ ಮುನ್ನ ಹೊಸಬರಿಗೆ ಹೆಜ್ಜೆ ಹೇಳಿಕೊಡುತ್ತಾರೆ ಎಂದರ್ಥ, ‘ಸೀನ್ ಉವೆರ್ತ್’ ಎಂದಿದ್ದರೆ ವಾದ್ಯ ಬಲ್ಲ ಯಾರಾದರೂ ವೇದಿಕೆ ಏರಬಹುದು, ‘ಬಫ್’ ಎಂದಿದ್ದರೆ ವಾದಕರು ಮುಂಗಡ ಸಿದ್ಧತೆಯಿಲ್ಲದೆ ಕೂಡಿ ನುಡಿಸುತ್ತಾರೆ. ಈ ಮೂರು ಪದಗಳನ್ನು ತಿಳಿದವರಿಗೆ ಫ್ರೆಂಚ್ ಭಾಷೆ ಬಾರದಿದ್ದರೂ ಅರ್ಧ ದಾರಿ ಸವೆದಂತೆ.

ಪ್ಯಾರಿಸ್ ನಗರಕ್ಕೂ ತನ್ನದೇ ಆದ ಸಾಂಪ್ರದಾಯಿಕ ಸಂಗೀತವಿದೆ, ಅದನ್ನು ಕಟ್ಟಿದವರು ವಲಸೆಗಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಒವೆರ್ನಿನ ಬಡ ಬೆಟ್ಟಗಳಿಂದ ಬಂದು ಕಲ್ಲಿದ್ದಲು ಮಾರುತ್ತ, ಅದೇ ಅಂಗಡಿಯಲ್ಲಿ ವೈನ್ ಹೊಯ್ಯುತ್ತ ಬದುಕಿದ ಜನ ಬಾಸ್ತೀಯ್ ಪ್ರದೇಶದ ರ್ಯೂ ದ ಲಾಪ್ ಬೀದಿಯಲ್ಲಿ ತಮ್ಮ ಊರಿನ ‘ಕಬ್ರೆತ್’ ನುಡಿಸಿ ಕುಣಿಯುತ್ತಿದ್ದರು. ಕಬ್ರೆತ್ ಆಡಿನ ಚರ್ಮದ ಚೀಲವಾದ್ಯ, ಅದಕ್ಕೆ ಗಾಳಿ ತುಂಬುವುದು ಬಾಯಿಂದಲ್ಲ, ತೋಳಿನಡಿಯ ತಿದಿಯಿಂದ. ಅದೇ ಸುಮಾರಿಗೆ ಇಟಲಿಯಿಂದ ಬಂದ ವಲಸೆಗಾರರು ಅಕಾರ್ಡಿಯನ್ ತಂದರು. ಮೊದಲು ಪೈಪೋಟಿ, ಬಳಿಕ ಹೊಂದಾಣಿಕೆ ನಡೆದು, ಕಬ್ರೆತ್ ವಾದಕ ಅಂತ್ವಾನ್ ಬುಸ್ಕಾತೆಲ್ ಮತ್ತು ಅಕಾರ್ಡಿಯನ್ ವಾದಕ ಶಾರ್ಲ್ ಪೆಗ್ಯುರಿ ಜೊತೆಯಾಗಿ ನುಡಿಸಿದ್ದು ‘ಬಾಲ್ ಮ್ಯುಸೆತ್’ ಎಂಬ ಹೊಸ ಪ್ರಕಾರಕ್ಕೆ ದಾರಿಯಾಯಿತು. ಲೋಕದೆಲ್ಲೆಡೆ ಪ್ಯಾರಿಸ್ಸಿನ ದನಿಯೆಂದು ಗುರುತಿಸಲಾಗುವ ಅಕಾರ್ಡಿಯನ್ ವಾಲ್ಟ್ಸ್ ಹೀಗೆ ಬೆಟ್ಟದ ರೈತರೂ ಇಟಲಿಯ ಕೂಲಿಗಳೂ ಸೇರಿ ಕೊಟ್ಟ ಕೊಡುಗೆ. ಆ ಬೀದಿಯಲ್ಲಿ 1936ರಲ್ಲಿ ತೆರೆದ ‘ಬಾಲಾಜೊ’ ನೃತ್ಯಶಾಲೆ ಈಗಲೂ ಇದೆ, ಆದರೆ ಅಲ್ಲಿ ಬೇರೆ ಬಗೆಯ ಸಂಗೀತವೂ ನಡೆಯುವುದರಿಂದ ಆ ದಿನದ ಕಾರ್ಯಕ್ರಮವನ್ನು ನೋಡಿಯೇ ಹೋಗಬೇಕು. ನಗರದ ಹೊರಗೆ ಮಾರ್ನ್ ನದಿಯ ದಂಡೆಯಲ್ಲಿ ‘ಗ್ಯಾಂಗೆತ್’ ಎಂಬ ಊಟ ಕುಣಿತಗಳ ತೆರೆದ ತಾಣಗಳಿದ್ದವು. ಪ್ಯಾರಿಸ್ಸಿನ ಗಡಿಯೊಳಗೆ ಬರುವ ಮದ್ಯಕ್ಕೆ ಸುಂಕವಿದ್ದುದರಿಂದ ಗಡಿಯಾಚೆ ಅಗ್ಗವಾಗಿ ಕುಡಿದು ಕುಣಿಯಲು ಕಾರ್ಮಿಕರು ಭಾನುವಾರ ಅಲ್ಲಿಗೆ ಹೋಗುತ್ತಿದ್ದರು. ಜ್ವಾಂವೀಲ್ ಲ ಪೋಂ ಊರಿನ ‘ಶೇ ಜೇಜೆನ್’ ಆ ಪರಂಪರೆಯಲ್ಲಿ ಉಳಿದಿರುವ ಪ್ರಸಿದ್ಧ ಹೆಸರು, ನಗರದ ಉಪನಗರ ರೈಲಿನಲ್ಲೇ ಆ ಊರನ್ನು ತಲುಪಬಹುದು.

ಅಕಾರ್ಡಿಯನ್ ಮಾತು ಬಂದಾಗ ಕನ್ನಡಿಗರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಬೇಕು. ಗಾಳಿಯ ಒತ್ತಡಕ್ಕೆ ತಾನಾಗಿ ಕಂಪಿಸುವ ಲೋಹದ ತೆಳು ಪಟ್ಟಿಯೇ ಅಕಾರ್ಡಿಯನ್ನಿಗೂ ಹಾರ್ಮೋನಿಯಂಗೂ ಮೂಲ. ಹಾರ್ಮೋನಿಯಂ ಎಂಬ ಹೆಸರಿನಲ್ಲಿ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದವರು ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬ್ಯಾಂ. ಆ ವಾದ್ಯ ಭಾರತಕ್ಕೆ ಬಂದು ಕೈತಿದಿಯ ರೂಪ ತಾಳಿ ಕರ್ನಾಟಕದ ವೃತ್ತಿರಂಗಭೂಮಿಯ ಪೆಟ್ಟಿಗೆಯಾಯಿತು. ಕಂಪನಿ ನಾಟಕಗಳ ಹಾಡು ಕೇಳಿ ಬೆಳೆದ ಕಿವಿಗೆ ಪ್ಯಾರಿಸ್ಸಿನ ಬೀದಿಯ ಅಕಾರ್ಡಿಯನ್ ಪೂರ್ತಿ ಅಪರಿಚಿತವೆನಿಸದಿರುವುದಕ್ಕೆ ಈ ರಕ್ತಸಂಬಂಧವೇ ಕಾರಣ.

ಕುಳಿತು ಕೇಳುವ ಹಾಡನ್ನೇ ಬಯಸುವವರಿಗೆ ಮೊಂಮಾರ್ತ್ರ್ ಗುಡ್ಡದ ‘ಲಾಪ್ಯಾಂ ಅಜಿಲ್’ ಇದೆ. ಕಲಾವಿದ ಆಂದ್ರೆ ಜಿಲ್ ಬರೆದ, ಬಾಣಲೆಯಿಂದ ಜಿಗಿಯುವ ಮೊಲದ ಚಿತ್ರಫಲಕದಿಂದ ಹೆಸರು ಪಡೆದ ಈ ಪುಟ್ಟ ಮನೆಯನ್ನು ಕೆಡವಿಹಾಕದಂತೆ ಉಳಿಸಿದವರು ಗಾಯಕ ಅರಿಸ್ತೀದ್ ಬ್ರ್ಯುಆಂ. ಪಿಕಾಸೊ 1905ರಲ್ಲಿ ಇದರ ಒಳಾಂಗಣವನ್ನು ಚಿತ್ರಿಸಿದ್ದಾರೆ. ಮಂದ ಬೆಳಕಿನ ಕೋಣೆಯಲ್ಲಿ ಮರದ ಬೆಂಚುಗಳ ಮೇಲೆ ಕುಳಿತವರ ನಡುವೆಯೇ ಹಾಡುಗಾರರು ಧ್ವನಿವರ್ಧಕವಿಲ್ಲದೆ ಹಳೆಯ ಫ್ರೆಂಚ್ ಹಾಡುಗಳನ್ನು ಹಾಡುತ್ತಾರೆ. ಇಲ್ಲಿಗೆ ವಿದೇಶಿ ಪ್ರವಾಸಿಗರು ಹೆಚ್ಚಾಗಿ ಬರುತ್ತಾರೆ, ಟಿಕೆಟ್ಟಿನ ದರವೂ ಹಳ್ಳಿಯ ಸಭಾಂಗಣಕ್ಕಿಂತ ಬಹಳ ಹೆಚ್ಚು. ಹಾಗಿದ್ದರೂ ಹಾಡುವ ರೀತಿ ಪ್ರಾಮಾಣಿಕವಾಗಿರುವುದರಿಂದ ಇದನ್ನು ಬರಿಯ ಪ್ರವಾಸಿ ಆಕರ್ಷಣೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ದಕ್ಷಿಣಕ್ಕೆ ಹೋದಂತೆ ಹೆಸರುಗಳು ಬದಲಾಗುತ್ತವೆ. ಆಕ್ಸಿಟನ್ ಭಾಷೆಯ ನಾಡುಗಳಲ್ಲಿ ಕುಣಿತದ ಕೂಟಕ್ಕೆ ‘ಬಲೆತಿ’ ಎನ್ನುತ್ತಾರೆ, ಪಿರನೀಸ್ ಬೆಟ್ಟಗಳ ಬುಡದ ಬೆಯಾರ್ನ್ ನಾಡಿನಲ್ಲಿ ಕಫೆಯಲ್ಲಿ ಸೇರಿದ ಜನ ಯಾವ ವೇದಿಕೆಯೂ ಇಲ್ಲದೆ ಹಲವು ಸ್ವರಗಳಲ್ಲಿ ಕೂಡಿ ಹಾಡುವುದನ್ನು ‘ಕಾಂತೆರ’ ಎನ್ನುತ್ತಾರೆ. ಕಾರ್ಸಿಕಾ ದ್ವೀಪದ ‘ಪಾದ್ಯೆಲ್ಲಾ’ ಎಂಬ ಮೂರು ದನಿಗಳ ಗಂಡಸರ ಹಾಡು 2009ರಲ್ಲಿ ಯುನೆಸ್ಕೊದ ತುರ್ತು ರಕ್ಷಣೆಯ ಪಟ್ಟಿಗೆ ಸೇರಿತು. ಬೇಸಿಗೆಯಲ್ಲಿ ಅಲ್ಲಿನ ಗಾಯಕ ತಂಡಗಳು ಹಳ್ಳಿಯ ಚರ್ಚುಗಳಲ್ಲಿ ಹಾಡುತ್ತವೆ, ಅದರ ಸೂಚನೆ ಚರ್ಚಿನ ಬಾಗಿಲಲ್ಲೇ ಅಂಟಿಸಿರುತ್ತದೆ. ಕಾಸಮಾಚೋಲಿ ಎಂಬ ಬೆಟ್ಟದ ಊರಿನಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ನಡೆಯುವ ಜಾತ್ರೆಯಲ್ಲಿ ಕವಿಗಳು ಎದುರುಬದುರಾಗಿ ಆಶುಪದ್ಯ ಹಾಡುತ್ತ ವಾದ ಮಾಡುವುದನ್ನು ಕೇಳಬಹುದು.

ಇಷ್ಟನ್ನೂ ಪತ್ತೆಮಾಡುವ ಬಗೆ ಹೇಗೆ? ಬ್ರಿಟನಿಯ ಕೂಟಗಳಿಗೆ ‘ತಮ್ ಕ್ರೈಜ್’, ಬಾಲ್ ಫೋಕ್‌ಗಳಿಗೆ ‘ಅಜೆಂಡಾ ತ್ರಾದ್’ ಎಂಬ ಅಂತರ್ಜಾಲ ಪಂಚಾಂಗಗಳು ದಿನಾಂಕ, ಊರು, ನುಡಿಸುವವರ ಹೆಸರು, ಶುಲ್ಕ ಇವನ್ನು ಮುಂಚಿತವಾಗಿಯೇ ತಿಳಿಸುತ್ತವೆ. ಪ್ರವಾಸದ ಮಾರ್ಗ ನಿಶ್ಚಯಿಸುವ ಮೊದಲೇ ಇವನ್ನು ನೋಡಿ, ಶನಿವಾರ ಭಾನುವಾರಗಳನ್ನು ಚಿಕ್ಕ ಊರುಗಳಿಗೆ ಮೀಸಲಿಟ್ಟು ವಾರದ ದಿನಗಳನ್ನು ನಗರಗಳಿಗೆ ಬಿಟ್ಟುಕೊಂಡರೆ ಒಳ್ಳೆಯದು. ಸಾಮಾನ್ಯ ಪ್ರವಾಸಿಗರು ಮಾಡುವುದು ಇದಕ್ಕೆ ತದ್ವಿರುದ್ಧ. ಊರು ತಲುಪಿದ ಮೇಲೆ ಬೇಕರಿಯ ಗಾಜು, ಪತ್ರಿಕೆ ಮಾರುವ ಅಂಗಡಿ, ಪುರಸಭೆಯ ಸೂಚನಾ ಫಲಕಗಳ ಮೇಲಿನ ಭಿತ್ತಿಪತ್ರಗಳನ್ನು ಓದಬೇಕು, ಬ್ರಿಟನಿಯಲ್ಲಿ ‘ವೆಸ್ಟ್ ಫ್ರಾನ್ಸ್’, ‘ಲ ತೆಲೆಗ್ರಾಮ್’ ದಿನಪತ್ರಿಕೆಗಳ ಸ್ಥಳೀಯ ಪುಟಗಳನ್ನು ತಿರುವಬೇಕು. ಫ್ರಾನ್ಸಿನಲ್ಲಿ 1982ರಲ್ಲಿ ಆರಂಭವಾಗಿ, ಈಗ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ ಕೂಡ ಆಚರಿಸುವ ಜೂನ್ 21ರ ಸಂಗೀತದ ಹಬ್ಬ ಬಹಳ ಜನಪ್ರಿಯವಾದದ್ದು. ಆದರೆ ಆ ರಾತ್ರಿ ಬೀದಿ ಬೀದಿಯಲ್ಲಿ ರಾಕ್, ಪಾಪ್ ಧ್ವನಿವರ್ಧಕಗಳ ಅಬ್ಬರವಿರುವುದರಿಂದ ಸಾಂಪ್ರದಾಯಿಕ ವಾದ್ಯಗಳನ್ನು ಕೇಳಲು ಅದು ತಕ್ಕ ದಿನವಲ್ಲ.

ಈ ಚಿಕ್ಕ ತಾಣಗಳ ಆರ್ಥಿಕ ಸ್ಥಿತಿ ಸುಭದ್ರವಾಗಿಲ್ಲ ಎಂಬುದನ್ನು ಕೇಳುಗರು ಅರಿತಿರಬೇಕು. ಅವುಗಳ ಮೇಲಿರುವ ಒಂದು ಹೊರೆಯ ಮೂಲ ಹಳೆಯದು: 1847ರಲ್ಲಿ ಪ್ಯಾರಿಸ್ಸಿನ ಕಫೆಯೊಂದರಲ್ಲಿ ತಮ್ಮ ರಚನೆಗಳನ್ನು ಪುಕ್ಕಟೆಯಾಗಿ ನುಡಿಸುತ್ತಿದ್ದುದನ್ನು ಕಂಡ ಸಂಯೋಜಕರು, ಅದಕ್ಕೆ ಸಂಭಾವನೆ ಸಿಗುವವರೆಗೆ ತಾವು ಕುಡಿದದ್ದಕ್ಕೂ ಹಣ ಕೊಡುವುದಿಲ್ಲವೆಂದು ಹಠ ಹಿಡಿದರು. ಆ ವ್ಯಾಜ್ಯದ ಫಲವಾಗಿ 1851ರಲ್ಲಿ ರಚನಕಾರರ ಹಕ್ಕಿನ ಶುಲ್ಕ ವಸೂಲು ಮಾಡುವ ‘ಸಾಸೆಮ್’ ಸಂಸ್ಥೆ ಹುಟ್ಟಿತು. ಇಂದು ಚಿಕ್ಕ ಕಫೆಯೂ ಆ ಶುಲ್ಕ ತೆರಬೇಕು, ಮೇಲಾಗಿ ಸಂಭಾವನೆ ಪಡೆದು ನುಡಿಸುವ ಕಲಾವಿದರನ್ನು ನೌಕರರೆಂದೇ ಭಾವಿಸುವ ಕಾನೂನಿರುವುದರಿಂದ ಅವರ ಸಾಮಾಜಿಕ ವಿಮೆಯ ಕಂತನ್ನೂ ಕಟ್ಟಬೇಕು, ನೆರೆಯವರು ಶಬ್ದದ ಬಗ್ಗೆ ದೂರಿತ್ತರೆ ಅದಕ್ಕೂ ಉತ್ತರ ಹೇಳಬೇಕು. ಈ ಕಾನೂನುಗಳು ಕಲಾವಿದರ ಹಿತಕ್ಕಾಗಿಯೇ ಇರುವಂಥವು, ಅವನ್ನು ದೂರಲಾಗದು. ಆದರೆ ಮೂವತ್ತು ಜನ ಹಿಡಿಸುವ ಕಫೆಯ ಮಾಲೀಕರಿಗೆ ಅವು ಭಾರವೇ. ಕಲಾವಿದರ ವೇತನದ ಒಂದು ಪಾಲನ್ನು ಭರಿಸುವ ಸಾರ್ವಜನಿಕ ನಿಧಿಯೊಂದು 2015ರಿಂದ ಈಚೆಗೆ ಸ್ವಲ್ಪ ನೆರವಾಗುತ್ತಿದೆ. ಪ್ರಕಟಣೆಯಲ್ಲಿ ‘ಒ ಶಾಪೋ’ ಎಂದಿದ್ದರೆ ಪ್ರವೇಶ ಶುಲ್ಕವಿಲ್ಲ, ಕೊನೆಯಲ್ಲಿ ಟೋಪಿಯನ್ನು ಸುತ್ತಿಸುತ್ತಾರೆ ಎಂದರ್ಥ. ಅದು ಉಚಿತವೆಂದು ತಿಳಿದು ಎದ್ದು ಹೋಗುವುದು ಅಲ್ಲಿನವರಿಗೆ ನೋವುಂಟುಮಾಡುವ ನಡತೆ, ಟಿಕೆಟ್ಟಿಗೆ ಕೊಡುತ್ತಿದ್ದಷ್ಟನ್ನು ಟೋಪಿಗೆ ಹಾಕುವುದು ಸರಿಯಾದ ಕ್ರಮ.

ಕೂಟದೊಳಗಿನ ರೀತಿನೀತಿ ಸರಳವಾದದ್ದು. ಕುಣಿಯುವವರ ಸರಪಳಿಗೆ ಸೇರಬೇಕಾದರೆ ಸಾಲಿನ ಮುಂದಾಳಿನ ಮುಂದೆ ಹೋಗಿ ನಿಲ್ಲದೆ ಕೊನೆಯಲ್ಲೋ ನಡುವೆ ಎಡೆ ಸಿಕ್ಕಲ್ಲೋ ಕೈಕೊಡಬೇಕು, ಜೋಡಿ ಕುಣಿತಕ್ಕೆ ಗಂಡಾಗಲಿ ಹೆಣ್ಣಾಗಲಿ ಯಾರು ಯಾರನ್ನಾದರೂ ಕರೆಯಬಹುದು, ಒಲ್ಲೆನೆಂದರೆ ಅದನ್ನು ಮರ್ಯಾದೆಯಿಂದ ಒಪ್ಪಿಕೊಳ್ಳಬೇಕು, ಫೋನಿನಲ್ಲಿ ಹಾಡು ಮುದ್ರಿಸಿಕೊಳ್ಳುವ ಮುನ್ನ ಹಾಡುವವರ ಒಪ್ಪಿಗೆ ಕೇಳಬೇಕು. ಹೆಜ್ಜೆ ತಪ್ಪಿದವರನ್ನು ಪಕ್ಕದವರು ತಿದ್ದಿ ಮುಂದಕ್ಕೆ ಕರೆದೊಯ್ಯುತ್ತಾರೆಯೇ ಹೊರತು ಹೊರಗೆ ಕಳಿಸುವುದಿಲ್ಲ.

ವಿಮಾನ ಉದ್ಯಮದ ಕೆಲಸಕ್ಕೆಂದು ಬೆಂಗಳೂರಿನಿಂದ ತುಲೂಸ್‌ಗೆ ಹೋಗುವ ಎಂಜಿನಿಯರುಗಳೂ, ರೆನ್, ನಾಂತ್, ಲಿಯೋಂ ನಗರಗಳಲ್ಲಿ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳೂ ವಾರಾಂತ್ಯವೆಂದರೆ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಂದು ರೈಲು ಹತ್ತುವುದು ಸಹಜ. ಅವರು ಒಂದು ಶನಿವಾರವನ್ನಾದರೂ ತಾವಿರುವ ಊರಿನ ಸುತ್ತಲಿನ ಹಳ್ಳಿಯ ಸಭಾಂಗಣಕ್ಕೆ ಕೊಡಲಿ. ಈ ವಾರ ಯಾವ ಊರಿನಲ್ಲಿ ಬಾಲ್ ಇದೆಯೆಂದು ಸಹಪಾಠಿಯನ್ನೋ ಸಹೋದ್ಯೋಗಿಯನ್ನೋ ಕೇಳಲಿ, ಸಾಧ್ಯವಾದರೆ ಅವರ ಕಾರಿನಲ್ಲೇ ಹೋಗಲಿ, ಹೊಸಬರ ಪಾಠ ತಪ್ಪಿಹೋಗದಂತೆ ಒಂದು ಗಂಟೆ ಮುಂಚಿತವಾಗಿಯೇ ತಲುಪಲಿ.